ಎಲೆ ನೋಡಿ ಅರಮನೆ ಕಟ್ಟಿದ ತೋಟಗಾರ

ಬೆಳಗಿನ ಒಂಬತ್ತು ಗಂಟೆಯೊಳಗೆ ಒಬ್ಬ ಮನುಷ್ಯ ಏನೇನು ಮಾಡಿ ಮುಗಿಸಬಹುದು? ಹಾಸ್ಟೆಲ್‌ನಲ್ಲಿರುವ ನಮ್ಮಂಥವರನ್ನು ಕೇಳಿದರೆ ಸ್ನಾನ, ತಿಂಡಿ ಮುಗಿದಿದ್ದರೆ ಅದೇ ದೊಡ್ಡ ಸಾಧನೆ. 1826ರ ಮೇ 9ರಂದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ 22 ವರ್ಷದ ಹುಡುಗನೊಬ್ಬ ಮಾಡಿದ್ದನ್ನು ಕೇಳಿ. ರಾತ್ರಿಯಿಡೀ ಕುದುರೆ ಗಾಡಿಯಲ್ಲಿ ಕೂತು ಲಂಡನ್ನಿನಿಂದ ಬಂದ. ಚಾಟ್ಸ್‌ವರ್ತ್ ಎಂಬ ಡ್ಯೂಕ್ ಒಬ್ಬರ ಅರಮನೆ ತಲುಪಿದಾಗ ನಸುಕಿನ ನಾಲ್ಕೂವರೆ. ಎಲ್ಲ ಬಾಗಿಲೂ ಹಾಕಿತ್ತು. ಗೋಡೆ ಹತ್ತಿ ತೋಟದೊಳಗೆ ಇಳಿದ. ಇಡೀ ತೋಟ ಸುತ್ತಿ ಬಂದ. ಆರು ಗಂಟೆಗೆ ಆಳುಗಳು ಬರುತ್ತಿದ್ದಂತೆ ಅವರಿಗೆಲ್ಲ ಕೆಲಸ ಹಂಚಿದ. ಕಾರಂಜಿಗಳನ್ನು ಬಿಡಿಸಿ ನೋಡಿದ. ಆಮೇಲೆ ಮನೆವಾರ್ತೆ ನೋಡಿಕೊಳ್ಳುವ ಹೆಂಗಸಿನ ಜೊತೆ ತಿಂಡಿಗೆ ಕೂತ. ಅಲ್ಲಿ ಅವರ ಸಂಬಂಧಿ ಹುಡುಗಿ ಸಾರಾ ಬೌನ್ ಇದ್ದಳು. ಇವನು ಅವಳನ್ನು ಮೆಚ್ಚಿದ, ಅವಳು ಇವನನ್ನು ಮೆಚ್ಚಿದಳು. ಆಗಿನ್ನೂ ಒಂಬತ್ತು ಗಂಟೆ ಆಗಿರಲಿಲ್ಲ. ಮರುವರ್ಷವೇ ಮದುವೆಯೂ ಆಯಿತು.

ಈ ಲೆಕ್ಕ ಆತ ಮುಂದೆ ದೊಡ್ಡವನಾದ ಮೇಲೆ ತಾನೇ ಹೇಳಿಕೊಂಡದ್ದು. ಆದ್ದರಿಂದ ಸ್ವಲ್ಪ ಉಪ್ಪು ಖಾರ ಸೇರಿರಬಹುದು ಅಂತ ನನ್ನ ಅನುಮಾನ. ಆದರೆ ಆತನ ಮುಂದಿನ ಬದುಕನ್ನು ಓದಿದವರಿಗೆ ಇದು ಸುಳ್ಳು ಅನ್ನಿಸುವುದಿಲ್ಲ. ಹೆಸರು ಜೋಸೆಫ್ ಪ್ಯಾಕ್ಸ್‌ಟನ್. ಕೆಲಸ ತೋಟಗಾರಿಕೆ. ಕಟ್ಟಿದ್ದು ಆ ಕಾಲದಲ್ಲಿ ಜಗತ್ತೇ ಬಂದು ನೋಡಿದ ಗಾಜಿನ ಕಟ್ಟಡ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್.

ನನಗೆ ಈತ ಸಿಕ್ಕಿದ್ದು ಲಾಲ್‌ಬಾಗ್‌ನಲ್ಲಿ. ನಾನು ದಾವಣಗೆರೆ ಜಿಲ್ಲೆಯವ, ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್. ಇಂಟರ್ನ್‌ಶಿಪ್ ಅಂತ ನಾಲ್ಕು ವಾರ ಬೆಂಗಳೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮೆಟ್ರೊ ಪಿಲ್ಲರ್, ಫ್ಲೈಓವರ್, ಮೂವತ್ತು ಅಂತಸ್ತಿನ ಅಪಾರ್ಟ್‌ಮೆಂಟ್ ಇವನ್ನೆಲ್ಲ ಹತ್ತಿರದಿಂದ ನೋಡಬೇಕು ಅನ್ನುವುದು ನನ್ನ ಆಸೆ. ಮಾವ ಮಾತ್ರ ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನಕ್ಕೆ ಹೋಗೋಣ ಎಂದು ಹಟ ಹಿಡಿದರು. ಗಾಜಿನ ಮನೆ ನಮ್ಮ ದಾವಣಗೆರೆಯಲ್ಲೂ ಇದೆ, ಕುಂದವಾಡ ಕೆರೆಯ ಹತ್ತಿರ. ಇನ್ನು ಹೂವು ನನಗೆ ಹೊಸದೇನಲ್ಲ. ಹಾಗಾಗಿ ಹೆಚ್ಚಿನ ನಿರೀಕ್ಷೆಯಿಲ್ಲದೆ ಮಾವನ ಮಕ್ಕಳ ಕೈ ಹಿಡಿದುಕೊಂಡು ಹೋದೆ.

ಒಳಗೆ ಜನವೋ ಜನ. ಎಲ್ಲರೂ ಹೂವಿನ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರೆ ನನ್ನ ಕಣ್ಣು ಮೇಲಕ್ಕೆ ಹೋಯಿತು. ಅಷ್ಟು ದೊಡ್ಡ ಸೂರು, ಅದನ್ನು ಹೊತ್ತ ಕಂಬಗಳು ಮಾತ್ರ ಎಷ್ಟು ಸಪೂರ! ಗೋಡೆ ಎಂಬುದೇ ಇಲ್ಲ. ಬೆಳಕು ಮರದ ಕೆಳಗೆ ನಿಂತಾಗ ಬರುತ್ತದಲ್ಲ, ಹಾಗೆ ಸೋಸಿಕೊಂಡು ಬರುತ್ತಿತ್ತು. ಇದನ್ನು ಯಾರು ಕಟ್ಟಿದ್ದು ಎಂದು ಮಾವನನ್ನು ಕೇಳಿದೆ. ಲಂಡನ್ನಿನ ಯಾವುದೋ ಗಾಜಿನ ಅರಮನೆ ನೋಡಿಕೊಂಡು ಕಟ್ಟಿದ್ದಂತೆ ಅಂದರು. ರಾತ್ರಿ ಆ ಅರಮನೆಯನ್ನು ಹುಡುಕಿದೆ. ಅದನ್ನು ಕಟ್ಟಿದವನು ಎಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಅಲ್ಲ, ನೀರಿನ ಮೇಲೆ ತೇಲುವ ಒಂದು ಎಲೆಯಿಂದ ಪಾಠ ಕಲಿತ ತೋಟಗಾರ ಎಂದು ಓದಿದ ಮೇಲೆ ನಿದ್ದೆ ಬರಲಿಲ್ಲ.

ಪ್ಯಾಕ್ಸ್‌ಟನ್ ಹುಟ್ಟಿದ್ದು 1803ರ ಆಗಸ್ಟ್ 3ರಂದು, ಬೆಡ್‌ಫರ್ಡ್‌ಶೈರ್‌ನ ಮಿಲ್ಟನ್ ಬ್ರಯಾನ್ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆ, ಏಳನೇ ಗಂಡು ಮಗ. ತಂದೆ ಬೇಗ ತೀರಿಕೊಂಡರು. ಓದು ಅಷ್ಟಕ್ಕಷ್ಟೇ. ಹದಿಹರೆಯದಲ್ಲೇ ಅವರಿವರ ತೋಟಗಳಲ್ಲಿ ಕೆಲಸಕ್ಕೆ ಸೇರಿದ. 1823ರಲ್ಲಿ ಲಂಡನ್ ಹತ್ತಿರದ ಚಿಸಿಕ್‌ನಲ್ಲಿ ಹಾರ್ಟಿಕಲ್ಚರಲ್ ಸೊಸೈಟಿಯ ತೋಟಕ್ಕೆ ಸೇರುವಾಗ ತಾನು ಹುಟ್ಟಿದ್ದು 1801 ಎಂದು ಬರೆಸಿದ. ನಮ್ಮೂರ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿಗೆ ಒಂದು ತಾರೀಖು ಬರೆಯುತ್ತಿದ್ದರಲ್ಲ, ಅಂಥದ್ದಲ್ಲ ಇದು. ವಯಸ್ಸು ಸ್ವಲ್ಪ ಹೆಚ್ಚು ತೋರಿಸಿದರೆ ಕೆಲಸ ಗಟ್ಟಿ ಎಂಬ ಲೆಕ್ಕ.

ಆ ತೋಟದ ಜಾಗ ಡೆವನ್‌ಶೈರ್‌ನ ಆರನೇ ಡ್ಯೂಕ್‌ಗೆ ಸೇರಿದ್ದು. ಡ್ಯೂಕ್ ಮದುವೆಯಾಗದವರು, ಅಪಾರ ಶ್ರೀಮಂತರು, ಕಿವಿ ಸ್ವಲ್ಪ ಮಂದ. ತೋಟದಲ್ಲಿ ಓಡಾಡುವಾಗ ಈ ಹುಡುಗನ ಜೊತೆ ಮಾತಾಡುತ್ತಿದ್ದರು. 1826ರಲ್ಲಿ ತಮ್ಮ ಚಾಟ್ಸ್‌ವರ್ತ್ ಅರಮನೆಗೆ ಮುಖ್ಯ ತೋಟಗಾರನಾಗಿ ಬಾ ಎಂದು ಕರೆದೇಬಿಟ್ಟರು. ಕರೆದವರು ರಷ್ಯಾದ ಚಕ್ರವರ್ತಿಯ ಪಟ್ಟಾಭಿಷೇಕಕ್ಕೆ ಹೊರಟುಹೋದರು. ಹಾಗಾಗಿಯೇ ಆ ಬೆಳಗ್ಗೆ ಇವನಿಗೆ ಗೋಡೆ ಹತ್ತುವ ಪರಿಸ್ಥಿತಿ. ಮುಂದೆ ಸುಮಾರು 32 ವರ್ಷ ಇಬ್ಬರೂ ಜೊತೆಗಿದ್ದರು. ಮೊದಲು ಯಜಮಾನ ಮತ್ತು ಆಳು, ಕ್ರಮೇಣ ಗೆಳೆಯರು. ಡ್ಯೂಕ್‌ಗೆ ಹೂವಿನ ಹುಚ್ಚು ಹಿಡಿಸಿದ್ದೇ ಪ್ಯಾಕ್ಸ್‌ಟನ್ ಎನ್ನಬೇಕು. ದುಡ್ಡು ಒಬ್ಬರದು, ಹುಚ್ಚು ಇಬ್ಬರದೂ.

ಆ ಹುಚ್ಚಿನ ಒಂದು ಎಳೆ ನಮ್ಮ ದೇಶಕ್ಕೂ ಬಂತು. ಬರ್ಮಾದ ಕಾಡಿನ ಆಮ್‌ಹರ್ಸ್ಟಿಯಾ ಎಂಬ ಕೆಂಪು ಹೂವಿನ ಮರಕ್ಕಾಗಿ ಪ್ಯಾಕ್ಸ್‌ಟನ್ ತನ್ನ ಕೈಕೆಳಗಿನ ಜಾನ್ ಗಿಬ್ಸನ್ ಎಂಬ ಯುವಕನನ್ನು 1835ರಲ್ಲಿ ಕಲ್ಕತ್ತೆಗೆ ಕಳಿಸಿದ. ಗಿಬ್ಸನ್ ಖಾಸಿ ಬೆಟ್ಟಗಳಲ್ಲಿ ಅಲೆದು ರಾಶಿ ರಾಶಿ ಆರ್ಕಿಡ್ ಸಂಗ್ರಹಿಸಿ, ಆ ಮರದ ಸಸಿಯನ್ನೂ ಜೀವಂತ ಇಟ್ಟುಕೊಂಡು 1837ರಲ್ಲಿ ವಾಪಸಾದ. ವಿಚಿತ್ರ ನೋಡಿ, ಇಷ್ಟೆಲ್ಲ ಪಾಡುಪಟ್ಟರೂ ಇಂಗ್ಲೆಂಡಿನಲ್ಲಿ ಆ ಮರ ಮೊದಲು ಹೂಬಿಟ್ಟಿದ್ದು ಬೇರೆಯವರ ತೋಟದಲ್ಲಿ. ಇನ್ನೊಂದು ಯಾತ್ರೆಯಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯಿತು. ಉತ್ತರ ಅಮೆರಿಕದ ಪಶ್ಚಿಮ ತೀರದ ಗಿಡಗಳಿಗೆಂದು ಚಾಟ್ಸ್‌ವರ್ತ್‌ನಿಂದ ಹೋದ ಇಬ್ಬರು ಎಳೆಯ ತೋಟಗಾರರು 1838ರಲ್ಲಿ ಕೊಲಂಬಿಯಾ ನದಿಯಲ್ಲಿ ದೋಣಿ ಮಗುಚಿ ಸತ್ತರು. ಶ್ರೀಮಂತರ ಗಾಜಿನ ಮನೆಯ ಹೂವಿಗೆ ಎಂಥೆಂಥವರು ಬೆಲೆ ಕೊಟ್ಟಿದ್ದಾರೆ ಎಂದು ಇದನ್ನು ಓದುವಾಗ ಅನ್ನಿಸಿತು. ಪ್ಯಾಕ್ಸ್‌ಟನ್‌ನನ್ನು ಹೊಗಳುವ ಬರಹಗಳಲ್ಲಿ ಈ ಇಬ್ಬರು ಒಂದು ಸಾಲಿಗಿಂತ ಹೆಚ್ಚು ಪಡೆಯುವುದಿಲ್ಲ. ನಾನೂ ಎರಡು ಸಾಲೇ ಬರೆದೆ.

ಬಾಳೆಹಣ್ಣಿನ ವಿಷಯ ಹೇಳದೆ ಮುಂದೆ ಹೋಗಲಾರೆ. 1830ರ ಸುಮಾರಿಗೆ ಮಾರಿಷಸ್ ಮೂಲಕ ಇಂಗ್ಲೆಂಡಿಗೆ ಬಂದಿದ್ದ ಒಂದು ಗಿಡ್ಡ ತಳಿಯ ಬಾಳೆಗಿಡವನ್ನು ಪ್ಯಾಕ್ಸ್‌ಟನ್ ಕೊಂಡು, ಬಿಸಿ ಗಾಜಿನ ಮನೆಯಲ್ಲಿ ಬೆಳೆಸಿ ಗೊನೆ ಬಿಡಿಸಿದ. ಡ್ಯೂಕ್ ಮನೆತನದ ಹೆಸರು ಕ್ಯಾವೆಂಡಿಶ್. ಬಾಳೆಗೂ ಅದೇ ಹೆಸರಾಯಿತು. ಇಂದು ಜಗತ್ತಿನ ಸೂಪರ್ ಮಾರ್ಕೆಟ್‌ಗಳಲ್ಲಿ ಮಾರಾಟವಾಗುವ ಬಾಳೆಯೆಲ್ಲ ಹೆಚ್ಚುಕಡಿಮೆ ಕ್ಯಾವೆಂಡಿಶ್ ಗುಂಪಿನದೇ. ನಾವು ಪಚ್ಚಬಾಳೆ ಅಂತ ತಿನ್ನುವುದೂ ಅದೇ ಬಳಗ.

ಈಗ ಗಾಜಿಗೆ ಬರೋಣ. ಇಂಗ್ಲೆಂಡಿನ ಚಳಿಯಲ್ಲಿ ಉಷ್ಣವಲಯದ ಗಿಡ ಬದುಕಬೇಕಾದರೆ ಗಾಜಿನ ಮನೆ ಬೇಕು. ಆಗಿನ ಗಾಜಿನ ಮನೆಗಳಲ್ಲಿ ಕಟ್ಟಿಗೆಯ ಚೌಕಟ್ಟು ದಪ್ಪ, ಬೆಳಕು ಕಡಿಮೆ, ಸೋರಿಕೆ ಹೆಚ್ಚು. ಪ್ಯಾಕ್ಸ್‌ಟನ್ ಮೊದಲು ಚೌಕಟ್ಟಿನ ಪಟ್ಟಿಗಳನ್ನು ತೆಳ್ಳಗೆ ಮಾಡಿದ. ಅದಕ್ಕೆ ಕೈಕೆಲಸ ಸಾಲದಾದಾಗ ಪಟ್ಟಿಗಳನ್ನು ಕೊರೆಯುವ ಯಂತ್ರವನ್ನೇ ಮಾಡಿಸಿದ. ಸೂರನ್ನು ಚಪ್ಪಟೆ ಇಡದೆ, ಬೀಸಣಿಗೆ ಕಾಗದದ ಹಾಗೆ ಏಣು ತಗ್ಗು, ಏಣು ತಗ್ಗು ಎಂದು ಮಡಿಚಿದ. ಇದರಿಂದ ಎರಡು ಲಾಭ. ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿದ್ದಾಗ ಬಿಸಿಲು ಗಾಜಿಗೆ ನೇರ ಬಿದ್ದು ಒಳಗೆ ಹೋಗುತ್ತದೆ. ಮಧ್ಯಾಹ್ನದ ಕಡು ಬಿಸಿಲು ಓರೆಯಾಗಿ ಬಿದ್ದು ಸ್ವಲ್ಪ ಜಾರಿಹೋಗುತ್ತದೆ. ಮಡಿಕೆ ಇದ್ದರೆ ತೆಳುವಾದದ್ದೂ ಗಟ್ಟಿಯಾಗುತ್ತದೆ ಎಂಬುದನ್ನು ನೀವು ಒಂದು ಹಾಳೆ ತೆಗೆದುಕೊಂಡು ಮಡಿಚಿ ನೋಡಿದರೆ ಗೊತ್ತಾಗುತ್ತದೆ. ಈ ಮಡಿಕೆಯ ವಿಚಾರ ಪ್ಯಾಕ್ಸ್‌ಟನ್‌ನದೇ ಅಲ್ಲ, ಅವನಿಗಿಂತ ಮೊದಲು ಲೌಡನ್ ಎಂಬ ತೋಟ ವಿನ್ಯಾಸಕಾರ ಹೇಳಿದ್ದ. ಆದರೆ ಹೇಳುವುದು ಬೇರೆ, ಸೋರದ ಹಾಗೆ ಕಟ್ಟಿ ತೋರಿಸುವುದು ಬೇರೆ.

1836ರಿಂದ 1840ರವರೆಗೆ ಚಾಟ್ಸ್‌ವರ್ತ್‌ನಲ್ಲಿ ಎದ್ದು ನಿಂತ ಗ್ರೇಟ್ ಸ್ಟೋವ್ ಎಂಬ ಗಾಜಿನ ಮನೆ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರವಿತ್ತು. ನೆಲದಡಿಯಲ್ಲಿ ಎಂಟು ಬಾಯ್ಲರ್‌ಗಳು, ಏಳು ಮೈಲಿ ಉದ್ದದ ಬಿಸಿನೀರಿನ ಕೊಳವೆ. ಒಳಗೆ ಕುದುರೆ ಸಾರೋಟು ಓಡಾಡುವಷ್ಟು ದಾರಿ. 1843ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಸಾವಿರಾರು ದೀಪ ಹಚ್ಚಿದ ಆ ಮನೆಯೊಳಗೆ ಸಾರೋಟಿನಲ್ಲೇ ಹೋದರು.

ಇಷ್ಟಾದ ಮೇಲೆ ಬಂತು ಆ ಎಲೆ. ದಕ್ಷಿಣ ಅಮೆರಿಕದ ನದಿಗಳಲ್ಲಿ ಬೆಳೆಯುವ ದೈತ್ಯ ನೈದಿಲೆ, ಆಗಿನ ಹೆಸರು ವಿಕ್ಟೋರಿಯಾ ರೀಜಿಯಾ, ಈಗ ವಿಕ್ಟೋರಿಯಾ ಅಮೆಜಾನಿಕಾ. ಬ್ರಿಟಿಷ್ ಗಯಾನಾದಿಂದ ತಂದ ಬೀಜ ಕ್ಯೂ ಉದ್ಯಾನದಲ್ಲಿ ಮೊಳೆತಿತ್ತು, ಹೂ ಮಾತ್ರ ಬಿಟ್ಟಿರಲಿಲ್ಲ. 1849ರ ಆಗಸ್ಟ್‌ನಲ್ಲಿ ಪ್ಯಾಕ್ಸ್‌ಟನ್ ಅಲ್ಲಿಂದ ಒಂದು ಪುಟ್ಟ ಸಸಿ ತಂದ. ಬೆಚ್ಚಗಿನ ನೀರಿನ ತೊಟ್ಟಿ ಕಟ್ಟಿಸಿದ. ನದಿಯ ನೀರು ಹರಿಯುತ್ತಿರುತ್ತದಲ್ಲ, ಅದಕ್ಕೆಂದು ತೊಟ್ಟಿಯ ನೀರನ್ನು ಅಲುಗಾಡಿಸುವ ಸಣ್ಣ ಚಕ್ರ ಇಟ್ಟ. ಗಿಡಕ್ಕೆ ಬೇಕಾದದ್ದು ಗೊಬ್ಬರ ಮಾತ್ರವಲ್ಲ, ಅದರ ಊರು ಎಂದು ಅರ್ಥಮಾಡಿಕೊಂಡಿದ್ದ. ನವೆಂಬರ್‌ನಲ್ಲಿ ಹೂ ಅರಳಿತು. ಹೂವನ್ನು ರಾಣಿಗೆ ತಲುಪಿಸಿದರು. ಎಲೆಗಳು ನಾಲ್ಕೂವರೆ ಅಡಿಗೂ ಮೀರಿ ಹರಡಿಕೊಂಡವು. ಪ್ಯಾಕ್ಸ್‌ಟನ್ ತನ್ನ ಪುಟ್ಟ ಮಗಳು ಆ್ಯನಿಯನ್ನು ಒಂದು ಎಲೆಯ ಮೇಲೆ ನಿಲ್ಲಿಸಿದ. ಎಲೆ ಮುಳುಗಲಿಲ್ಲ. ಪತ್ರಿಕೆಗಳಲ್ಲಿ ಚಿತ್ರ ಬಂತು, ದೇಶವೆಲ್ಲ ಮಾತಾಡಿತು.

ಆ ಎಲೆಯನ್ನು ಮಗುಚಿ ನೋಡಿದರೆ ನಮ್ಮ ಸ್ಟ್ರಕ್ಚರಲ್ ಅನಾಲಿಸಿಸ್ ಪುಸ್ತಕವೇ ಬಿಚ್ಚಿಕೊಳ್ಳುತ್ತದೆ. ನಡುವಿನ ತೊಟ್ಟಿನಿಂದ ದಪ್ಪ ನರಗಳು ಸುತ್ತಲೂ ಚಾಚಿವೆ. ಹೊರಗೆ ಹೋದ ಹಾಗೆ ಕವಲೊಡೆಯುತ್ತವೆ, ತೆಳ್ಳಗಾಗುತ್ತವೆ. ಅವನ್ನು ಅಡ್ಡಲಾಗಿ ಹೆಣೆಯುವ ತೆಳು ಪಟ್ಟಿಗಳಿವೆ. ನರದ ಅಗಲಕ್ಕಿಂತ ಆಳ ಹೆಚ್ಚು. ಬೀಮ್ ಒಂದನ್ನು ಅಗಲ ಮಾಡುವುದಕ್ಕಿಂತ ಆಳ ಮಾಡಿದರೆ ಬಾಗುವುದು ಬಹಳ ಕಡಿಮೆಯಾಗುತ್ತದೆ ಎಂದು ನಾವು ಮೂರನೇ ಸೆಮಿಸ್ಟರ್‌ನಲ್ಲಿ ಲೆಕ್ಕ ಮಾಡಿ ಕಲಿಯುತ್ತೇವೆ. ಒಂದು ಕಡೆ ಹಿಡಿದ ಕ್ಯಾಂಟಿಲಿವರ್‌ನಲ್ಲಿ ಬುಡದಲ್ಲೇ ಹೆಚ್ಚು ಬಲ ಬೇಕು, ತುದಿಯಲ್ಲಿ ಕಡಿಮೆ ಸಾಕು. ಎಲೆಯ ನರ ಬುಡದಲ್ಲಿ ಆಳ, ತುದಿಯಲ್ಲಿ ತೆಳು. ಮೇಲಿನ ಹಸಿರು ಪೊರೆ ಹೊದಿಕೆ ಮಾತ್ರ, ಭಾರ ಹೊರುವುದೆಲ್ಲ ಕೆಳಗಿನ ಹಂದರ. ನಾನು ಬೋರ್ಡ್ ಮೇಲೆ ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಎಷ್ಟು ಸಲ ಬರೆದಿದ್ದೇನೋ, ಅದನ್ನು ಹಸಿರು ಬಣ್ಣದಲ್ಲಿ, ತೇಲುತ್ತಿರುವ ಹಾಗೆ ಕಲ್ಪಿಸಿಕೊಂಡಿರಲಿಲ್ಲ.

ಈ ಹೂವಿಗಾಗಿ ಪ್ಯಾಕ್ಸ್‌ಟನ್ ಇನ್ನೊಂದು ಗಾಜಿನ ಮನೆ ಕಟ್ಟಿದ. ಸೂರು ಸಮತಟ್ಟು, ಅದರ ಮೇಲೆ ಸಣ್ಣ ಮಡಿಕೆಗಳು, ಕೆಳಗೆ ಸಪೂರ ಕಬ್ಬಿಣದ ಕಂಬಗಳು. ಕಂಬ ಟೊಳ್ಳು, ಮಳೆನೀರು ಅದರೊಳಗೇ ಇಳಿದುಹೋಗುತ್ತದೆ. ಕಂಬವೂ ಅದೇ, ಪೈಪೂ ಅದೇ. ಮುಂದೆ ಕಟ್ಟಿದ್ದಕ್ಕೆಲ್ಲ ಇದೇ ಸಣ್ಣ ಮಾದರಿ.

ಎಲೆಯ ಕಥೆಯನ್ನು ಸ್ವಲ್ಪ ತೂಗಿ ನೋಡಬೇಕು. ಎಲೆ ನೋಡಿದ, ಅದನ್ನೇ ದೊಡ್ಡದು ಮಾಡಿ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಮಡಿಕೆ ಸೂರು, ತೆಳು ಪಟ್ಟಿ ಇವೆಲ್ಲ ನೈದಿಲೆ ಬರುವ ಹತ್ತು ವರ್ಷ ಮೊದಲೇ ಆತನ ಕೈಲಿದ್ದವು. ಕ್ರಿಸ್ಟಲ್ ಪ್ಯಾಲೇಸ್‌ನ ನಕ್ಷೆ ನೋಡಿದರೆ ಎಲ್ಲವೂ ಚೌಕ, ಎಲೆಯ ದುಂಡು ಎಲ್ಲೂ ಇಲ್ಲ. ಹಾಗಂತ ಎಲೆಯದು ಕಟ್ಟುಕಥೆಯೂ ಅಲ್ಲ. 1850ರ ನವೆಂಬರ್‌ನಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಮಾತಾಡುವಾಗ ಆತನೇ ಎಲೆಯೊಂದನ್ನು ಮುಂದಿಟ್ಟು, ಇಲ್ಲಿ ಎಂಜಿನಿಯರ್ ಕೆಲಸ ಮಾಡಿದ್ದು ಪ್ರಕೃತಿ ಎಂಬರ್ಥದಲ್ಲಿ ವಿವರಿಸಿದ. ನನಗೆ ಅನ್ನಿಸುವುದು ಇಷ್ಟು: ಎಲೆಯ ಆಕಾರವನ್ನು ಆತ ನಕಲು ಮಾಡಲಿಲ್ಲ, ಅದರ ಲೆಕ್ಕಾಚಾರವನ್ನು ತೆಗೆದುಕೊಂಡ. ಭಾರ ಹೊರುವುದನ್ನು ಹಂದರಕ್ಕೆ ಬಿಡು, ಹೊದಿಕೆಯನ್ನು ಹಗುರ ಮಾಡು. ಈಗ ಕಮಲದ ಆಕಾರದ ಕಟ್ಟಡ, ಹಕ್ಕಿ ರೆಕ್ಕೆಯ ಆಕಾರದ ಬಸ್ ನಿಲ್ದಾಣ ಅಂತೆಲ್ಲ ಕಟ್ಟುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಕಡೆ ಒಳಗೆ ಮಾಮೂಲಿ ಕಾಂಕ್ರೀಟ್, ಹೊರಗೆ ಮಾತ್ರ ಕಮಲ. ಅದಕ್ಕಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ.

ಅದೇ 1850ರಲ್ಲಿ ಲಂಡನ್ನಿನಲ್ಲಿ ಪ್ರಿನ್ಸ್ ಆಲ್ಬರ್ಟ್, ಹೆನ್ರಿ ಕೋಲ್ ಮೊದಲಾದವರು ಪೇಚಿಗೆ ಸಿಕ್ಕಿದ್ದರು. 1851ರ ಮೇ 1ಕ್ಕೆ ಹೈಡ್ ಪಾರ್ಕ್‌ನಲ್ಲಿ ಜಗತ್ತಿನ ಎಲ್ಲ ದೇಶಗಳ ವಸ್ತುಪ್ರದರ್ಶನ ಎಂದು ಸಾರಿಯಾಗಿತ್ತು. ಕಟ್ಟಡವೇ ಇಲ್ಲ. ವಿನ್ಯಾಸ ಸ್ಪರ್ಧೆಗೆ ಇನ್ನೂರಕ್ಕೂ ಹೆಚ್ಚು ನಕ್ಷೆ ಬಂದವು, ಒಂದೂ ಒಪ್ಪಿಗೆಯಾಗಲಿಲ್ಲ. ಸಮಿತಿಯಲ್ಲಿ ಇದ್ದವರು ಸಾಮಾನ್ಯರಲ್ಲ, ಬ್ರುನೆಲ್, ರಾಬರ್ಟ್ ಸ್ಟೀಫನ್‌ಸನ್ ಅಂಥ ಎಂಜಿನಿಯರ್‌ಗಳು. ಅವರೆಲ್ಲ ಕೂಡಿ ತಾವೇ ಒಂದು ನಕ್ಷೆ ಮಾಡಿದರು. ಒಂದೂವರೆ ಕೋಟಿ ಇಟ್ಟಿಗೆಯ ಕಟ್ಟಡ, ಮೇಲೆ ಬ್ರುನೆಲ್‌ನ 200 ಅಡಿ ವ್ಯಾಸದ ಕಬ್ಬಿಣದ ಗುಮ್ಮಟ. ಜನ ರೊಚ್ಚಿಗೆದ್ದರು. ಪಾರ್ಕಿನ ಮರಗಳು ಹೋಗುತ್ತವೆ, ಪ್ರದರ್ಶನ ಮುಗಿದ ಮೇಲೂ ಈ ಇಟ್ಟಿಗೆ ರಾಶಿ ಅಲ್ಲೇ ಉಳಿಯುತ್ತದೆ ಎಂದು ಗಲಾಟೆ. ಪ್ರದರ್ಶನವೇ ರದ್ದಾಗುವ ಸೂಚನೆ ಕಂಡಿತು.

ಪ್ಯಾಕ್ಸ್‌ಟನ್ ಅಷ್ಟು ಹೊತ್ತಿಗೆ ರೈಲ್ವೆಗಳಲ್ಲಿ ಹಣ ಹೂಡಿ, ಮಿಡ್‌ಲ್ಯಾಂಡ್ ರೈಲ್ವೆಯ ನಿರ್ದೇಶಕನೂ ಆಗಿದ್ದ. 1850ರ ಜೂನ್ 11ರಂದು ಡರ್ಬಿಯಲ್ಲಿ ರೈಲ್ವೆ ಸಭೆ. ತಪ್ಪು ಮಾಡಿದ ಒಬ್ಬ ಪಾಯಿಂಟ್ಸ್‌ಮನ್‌ನ ವಿಚಾರಣೆ ನಡೆಯುತ್ತಿತ್ತು. ಅಧ್ಯಕ್ಷತೆ ವಹಿಸಿದ್ದ ಪ್ಯಾಕ್ಸ್‌ಟನ್ ಮುಂದಿದ್ದ ಬ್ಲಾಟಿಂಗ್ ಪೇಪರ್ ಮೇಲೆ ಏನೋ ಗೀಚುತ್ತಿದ್ದ. ಅದು ಕ್ರಿಸ್ಟಲ್ ಪ್ಯಾಲೇಸ್‌ನ ಮೊದಲ ಚಿತ್ರ. ಆ ಕಾಗದ ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆ ಪಾಯಿಂಟ್ಸ್‌ಮನ್‌ಗೆ ತನ್ನ ಅಹವಾಲು ಕೇಳಬೇಕಾದ ಸಾಹೇಬರ ಗಮನ ಎಲ್ಲಿತ್ತು ಎಂದು ಗೊತ್ತಾಗಿದ್ದರೆ ಏನನ್ನಿಸುತ್ತಿತ್ತೋ!

ಸುಮಾರು ಒಂದು ವಾರದಲ್ಲಿ ಪೂರ್ತಿ ನಕ್ಷೆಗಳು ಸಿದ್ಧವಾದವು. ಕಂಬ, ತೊಲೆಗಳ ಲೆಕ್ಕಕ್ಕೆ ರೈಲ್ವೆ ಎಂಜಿನಿಯರ್ ಬಾರ್ಲೋ ನೆರವಾದ. ಲಂಡನ್ನಿಗೆ ಹೋಗುವ ರೈಲಿನಲ್ಲಿ ಸ್ಟೀಫನ್‌ಸನ್ ಸಿಕ್ಕಾಗ ನಕ್ಷೆ ಬಿಚ್ಚಿ ತೋರಿಸಿದ, ಸ್ಟೀಫನ್‌ಸನ್ ಒಪ್ಪಿದ. ಸಮಿತಿ ಮೀನಮೇಷ ಎಣಿಸುತ್ತಿದ್ದಾಗ ಪ್ಯಾಕ್ಸ್‌ಟನ್ ಜುಲೈ 6ರ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯಲ್ಲಿ ಚಿತ್ರ ಪ್ರಕಟಿಸಿಬಿಟ್ಟ. ಜನಕ್ಕೆ ಇಷ್ಟವಾಯಿತು. ಫಾಕ್ಸ್ ಹೆಂಡರ್ಸನ್ ಕಂಪನಿ 79,800 ಪೌಂಡ್‌ಗೆ ಗುತ್ತಿಗೆ ಹಿಡಿಯಿತು. ಅದರ ಯಜಮಾನ ಚಾರ್ಲ್ಸ್ ಫಾಕ್ಸ್ ಏಳು ವಾರ, ದಿನಕ್ಕೆ ಹದಿನೆಂಟು ಗಂಟೆ ಕೂತು ಕೆಲಸದ ನಕ್ಷೆಗಳನ್ನು ತಾನೇ ಬರೆದ. ಒಬ್ಬ ತೋಟಗಾರ ಒಬ್ಬನೇ ಎಲ್ಲ ಮಾಡಿದ ಎನ್ನುವುದಕ್ಕಿಂತ, ತೋಟಗಾರನ ಯೋಚನೆಯನ್ನು ಒಳ್ಳೆಯ ಎಂಜಿನಿಯರ್‌ಗಳು ನಂಬಿದರು ಎನ್ನುವುದು ಸರಿ.

ಕಟ್ಟಿದ ರೀತಿ ಓದಿದರೆ ಈಗಿನ ಪ್ರೀಕಾಸ್ಟ್ ಸೈಟ್ ನೆನಪಾಗುತ್ತದೆ. ಮೊದಲು ಗಾಜಿನ ಅಳತೆ ಗೊತ್ತುಮಾಡಿದರು. ಚಾನ್ಸ್ ಬ್ರದರ್ಸ್ ಕಾರ್ಖಾನೆ ಕೊಡಬಹುದಾದ ಗಾಜು 49 ಇಂಚು ಉದ್ದ, 10 ಇಂಚು ಅಗಲ. ಅದರಿಂದ ಮಡಿಕೆಯ ಅಳತೆ ಎಂಟು ಅಡಿ, ಮೂರು ಮಡಿಕೆಗೆ 24 ಅಡಿ, ಪ್ರತಿ 24 ಅಡಿಗೆ ಕಂಬ. ಇಡೀ ಕಟ್ಟಡ ಆ ಅಳತೆಯ ಗುಣಾಕಾರ. ಉದ್ದ 1,848 ಅಡಿ, ಅಗಲ 408 ಅಡಿ. ಸುಮಾರು 3,300 ಕಬ್ಬಿಣದ ಕಂಬ, ಮೂರು ಲಕ್ಷದ ಹತ್ತಿರ ಗಾಜಿನ ಹಲಗೆ. ಕಂಬಗಳೆಲ್ಲ ಹೊರಗಿನಿಂದ ಒಂದೇ ದಪ್ಪ. ಭಾರ ಎಲ್ಲಿ ಹೆಚ್ಚೋ ಅಲ್ಲಿ ಒಳಗಿನ ಕಬ್ಬಿಣದ ದಪ್ಪ ಹೆಚ್ಚಿಸಿದರು, ಜೋಡಿಸುವವರಿಗೆ ಎಲ್ಲವೂ ಒಂದೇ ಅಳತೆ. ಎಂಥ ಸರಳ ಉಪಾಯ! ಮೊದಲ ಕಂಬ ನಿಂತದ್ದು 1850ರ ಸೆಪ್ಟೆಂಬರ್ 26ಕ್ಕೆ. ಗಾಜು ಕೂರಿಸುವವರು ಸೂರಿನ ದೋಣಿಗಳ ಮೇಲೆ ಚಕ್ರದ ಗಾಡಿ ಉರುಳಿಸುತ್ತ ಕೆಲಸ ಮಾಡಿದರು. ಸೈಟ್ ಸುತ್ತ ಹಾಕಿದ್ದ ಬೇಲಿಯ ಹಲಗೆಗಳೇ ಕೊನೆಗೆ ನೆಲದ ಹಲಗೆಗಳಾದವು. ಹಲಗೆಗಳ ನಡುವೆ ಸಣ್ಣ ಸಂದು ಬಿಟ್ಟಿದ್ದರು, ದೂಳು ಅದರೊಳಗೆ ಬೀಳಲಿ ಎಂದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೂರಿನ ದೋಣಿ, ಅಂದರೆ ಮಡಿಕೆಯ ತಗ್ಗಿನಲ್ಲಿ ಹಾಕಿದ ಮರದ ತೊಲೆ. ಮೇಲ್ಮೈಯಲ್ಲಿ ಮಳೆನೀರಿಗೆ ಒಂದು ಗಾಡಿ. ಪಕ್ಕಗಳಲ್ಲಿ ಇನ್ನೆರಡು ಸಣ್ಣ ಗಾಡಿ, ಗಾಜಿನ ಒಳಮೈಯಲ್ಲಿ ಹಬೆ ಹನಿಗಟ್ಟಿ ಜಾರಿದರೆ ಹಿಡಿಯಲು. ಕೆಳಗೆ ಒಂದು ಕಬ್ಬಿಣದ ಸರಳು ಬಿಗಿದು ತೊಲೆಯನ್ನು ತುಸು ಮೇಲಕ್ಕೆ ಬಾಗಿಸಿದರೆ ನೀರು ತಾನಾಗಿ ಎರಡೂ ತುದಿಗೆ ಹರಿದು ಕಂಬದೊಳಗೆ ಇಳಿಯುತ್ತದೆ. ಒಳಗಿನ ಹನಿಯ ಬಗ್ಗೆ ಯೋಚಿಸಬೇಕಾದರೆ ಮನುಷ್ಯ ಗಾಜಿನ ಮನೆಯೊಳಗೆ ಬದುಕಿರಬೇಕು. ನಮ್ಮಪ್ಪ ಚನ್ನಗಿರಿ ಕಡೆ ಅಡಿಕೆ ಸಸಿಯ ನರ್ಸರಿ ಇಟ್ಟಿದ್ದಾರೆ. ಪ್ಲಾಸ್ಟಿಕ್ ಹೊದಿಸುವಾಗ ಸೂರಿನ ಓಟ ಎಷ್ಟಿರಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಓಟ ಕಡಿಮೆಯಾದರೆ ಬೆಳಗಿನ ಹನಿ ಸಸಿಯ ಸುಳಿಗೆ ಬಿದ್ದು ಕೊಳೆಯುತ್ತದೆ ಎಂದು ಅವರ ಕಣ್ಣಿಗೆ ಗೊತ್ತು. ಮಣ್ಣಿನ ಕೆಲಸ ನಿನಗೆ ಬೇಡ, ಓದಿ ಎಂಜಿನಿಯರ್ ಆಗು ಎಂದು ನನ್ನನ್ನು ಕಳಿಸಿದವರೂ ಅವರೇ. ಈ ತೊಲೆಯ ಚಿತ್ರವನ್ನು ಫೋನಿನಲ್ಲಿ ತೋರಿಸಿದಾಗ ಅಪ್ಪ ಬಹಳ ಹೊತ್ತು ನೋಡಿದರು. ಕಟ್ಟಿದವನು ತೋಟದವನೇ ಇರಬೇಕು ಎಂದರು. ನಾನು ಅಲ್ಲಿಯವರೆಗೆ ಹೆಸರು, ಕಸುಬು ಏನೂ ಹೇಳಿರಲಿಲ್ಲ.

ಕಟ್ಟಡ ಬೀಳುತ್ತದೆ ಎಂದವರು ಕಡಿಮೆಯಿರಲಿಲ್ಲ. ರಾಜಮನೆತನದ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ಕೂಡ ಆಕ್ಷೇಪ ಎತ್ತಿದ. ಅದಕ್ಕೆ ಮೇಲಂತಸ್ತಿನ ಗ್ಯಾಲರಿಗಳ ಮೇಲೆ ಸೈನಿಕರನ್ನು ಹೆಜ್ಜೆ ಹಾಕಿಸಿ ಪರೀಕ್ಷೆ ಮಾಡಿದರು. ಪಾರ್ಕಿನ ದೊಡ್ಡ ಎಲ್ಮ್ ಮರಗಳನ್ನು ಕಡಿಯಬಾರದು ಎಂಬ ಗಲಾಟೆಗೆ ಉತ್ತರವಾಗಿ, ನಡುವೆ 108 ಅಡಿ ಎತ್ತರದ ಕಮಾನು ಸೂರು ಎಬ್ಬಿಸಿ ಮರಗಳನ್ನು ಕಟ್ಟಡದ ಒಳಗೇ ಬಿಟ್ಟುಕೊಂಡರು. ಸೂರು ಅಲ್ಲಲ್ಲಿ ಸೋರಿತು, ಬೇಸಿಗೆಯಲ್ಲಿ ಒಳಗೆ ಬೇಯುವಷ್ಟು ಸೆಕೆಯಾಯಿತು, ನಿಜ. ಆದರೆ ನಿಗದಿಯಾದ 1851ರ ಮೇ 1ಕ್ಕೆ ಬಾಗಿಲು ತೆರೆಯಿತು. ಅಕ್ಟೋಬರ್ ಮಧ್ಯದವರೆಗೆ 60 ಲಕ್ಷ ಸಲ ಜನ ಬಂದು ನೋಡಿದರು. ಬಡವರೂ ನೋಡಲಿ, ಪ್ರವೇಶ ಉಚಿತ ಮಾಡಿ ಎಂದು ಪ್ಯಾಕ್ಸ್‌ಟನ್ ಪ್ರಧಾನಿಗೆ ಬಹಿರಂಗ ಪತ್ರ ಬರೆದಿದ್ದ. ಅದು ನಡೆಯಲಿಲ್ಲ, ಆದರೆ ಒಂದು ಶಿಲಿಂಗ್‌ನ ದಿನಗಳಲ್ಲಿ ಕೂಲಿಯವರು, ಹಳ್ಳಿಯವರು ರೈಲು ಹತ್ತಿ ಬಂದರು. ಆ ವರ್ಷವೇ ಪ್ಯಾಕ್ಸ್‌ಟನ್‌ಗೆ ಸರ್ ಪದವಿ ಸಿಕ್ಕಿತು.

ಆಮೇಲಿನದು ವೇಗವಾಗಿ ಹೇಳಬಹುದು. ಕಟ್ಟಡವನ್ನು ಬಿಚ್ಚಿ ಸಿಡನ್‌ಹ್ಯಾಮ್‌ಗೆ ಸಾಗಿಸಿ, ಇನ್ನೂ ದೊಡ್ಡದು ಮಾಡಿ 1854ರಲ್ಲಿ ಮತ್ತೆ ತೆರೆದರು. ಅಲ್ಲಿ ಕಾರಂಜಿಗಳ ಆಸೆ ಮಿತಿಮೀರಿ ಸಾಲ ಬೆಳೆಯಿತು. ನೀರಿನ ಎತ್ತರದ ಗೋಪುರಗಳನ್ನು ವಿನ್ಯಾಸ ಮಾಡಿಕೊಟ್ಟದ್ದು ಯಾರು ಗೊತ್ತೆ, ಹಿಂದೆ ಎದುರಾಳಿ ನಕ್ಷೆ ಬರೆದಿದ್ದ ಅದೇ ಬ್ರುನೆಲ್. ಪ್ಯಾಕ್ಸ್‌ಟನ್ 1854ರಿಂದ ಕೊನೆಯವರೆಗೂ ಕವೆಂಟ್ರಿಯ ಸಂಸದನಾಗಿದ್ದ. ಲಂಡನ್ ಸುತ್ತ ಹತ್ತು ಮೈಲಿ ಉದ್ದದ ಗಾಜಿನ ಹೊದಿಕೆಯ ಬೀದಿ, ಅದರಲ್ಲೇ ರೈಲು ಎಂಬ ಯೋಜನೆಯನ್ನೂ ಮುಂದಿಟ್ಟ, ಅದು ಕಾಗದದಲ್ಲೇ ಉಳಿಯಿತು. ಅದಕ್ಕೂ ಮೊದಲು ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಲ್ಲಿ ಆತ ರೂಪಿಸಿದ ಸಾರ್ವಜನಿಕ ಪಾರ್ಕನ್ನು ಅಮೆರಿಕದ ಓಮ್‌ಸ್ಟೆಡ್ ನೋಡಿ ಹೋದ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ಗೆ ಅದರ ಪ್ರಭಾವವಿದೆ. ಈ ಓಡಾಟದಲ್ಲೆಲ್ಲ ಚಾಟ್ಸ್‌ವರ್ತ್‌ನ ಲೆಕ್ಕಪತ್ರ, ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡವಳು ಸಾರಾ. ಹಿರಿಯ ಮಗನನ್ನು ಬಾಲ್ಯದಲ್ಲೇ ಕಳೆದುಕೊಂಡ ದುಃಖವನ್ನೂ ಅವಳು ಅಲ್ಲೇ ನುಂಗಿದಳು. 1858ರಲ್ಲಿ ಡ್ಯೂಕ್ ತೀರಿಕೊಂಡ ಮೇಲೆ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್ ಕೆಲಸ ಬಿಟ್ಟ. 1865ರ ಜೂನ್ 8ರಂದು ಸಿಡನ್‌ಹ್ಯಾಮ್‌ನಲ್ಲಿ, ತನ್ನ ಗಾಜಿನ ಅರಮನೆಯ ಹತ್ತಿರವೇ, ಸತ್ತ. ಸಮಾಧಿ ಮಾತ್ರ ಚಾಟ್ಸ್‌ವರ್ತ್ ಪಕ್ಕದ ಎಡೆನ್ಸರ್ ಹಳ್ಳಿಯಲ್ಲಿದೆ.

ಆತ ಭಾರತಕ್ಕೆ ಬರಲೇ ಇಲ್ಲ. ಆದರೆ 1889ರ ನವೆಂಬರ್ 30ರಂದು, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಲಾಲ್‌ಬಾಗ್‌ನ ಗಾಜಿನ ಮನೆಗೆ ಅಡಿಗಲ್ಲು ಹಾಕಿದ. ಕಬ್ಬಿಣದ ಭಾಗಗಳು ಗ್ಲಾಸ್ಗೋದಲ್ಲಿ ಎರಕವಾಗಿ ಹಡಗಿನಲ್ಲಿ ಬಂದವು. ಅದಾಗಿ ಸರಿಯಾಗಿ 47 ವರ್ಷಕ್ಕೆ, 1936ರ ನವೆಂಬರ್ 30ರ ರಾತ್ರಿ, ಸಿಡನ್‌ಹ್ಯಾಮ್‌ನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಸಿಕ್ಕು ಕರಗಿಹೋಯಿತು. ಎರಡೂ ಒಂದೇ ತಾರೀಖು ಎಂದು ಗೊತ್ತಾದಾಗ ಕ್ಯಾಲೆಂಡರ್ ತೆಗೆದು ಮತ್ತೊಮ್ಮೆ ನೋಡಿದೆ.

ಚಾಟ್ಸ್‌ವರ್ತ್‌ನ ಗ್ರೇಟ್ ಸ್ಟೋವ್ ಅದಕ್ಕೂ ಮೊದಲೇ ಹೋಗಿತ್ತು. ಮೊದಲ ಮಹಾಯುದ್ಧದಲ್ಲಿ ಬಾಯ್ಲರ್‌ಗಳಿಗೆ ಕಲ್ಲಿದ್ದಲು ಸಿಗದೆ ಒಳಗಿನ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಡೈನಮೈಟ್ ಇಟ್ಟು ಕೆಡವಿದರು. ಒಂದೇ ಸಲಕ್ಕೆ ಬೀಳಲಿಲ್ಲ, ಹಲವು ಸಲ ಸಿಡಿಸಬೇಕಾಯಿತು. ಅದರ ಅಡಿಪಾಯದ ಗೋಡೆಗಳು ಈಗಲೂ ಇವೆ. ಅವುಗಳ ನಡುವೆ ಯೂ ಗಿಡಗಳ ಸಾಲು ನೆಟ್ಟು ಚಕ್ರವ್ಯೂಹದಂಥ ಹಸಿರು ಬೇಲಿ ಬೆಳೆಸಿದ್ದಾರೆ. ನೋಡಲು ಬಂದ ಮಕ್ಕಳು ಅದರೊಳಗೆ ದಾರಿ ತಪ್ಪಿಸಿಕೊಂಡು ಆಡುತ್ತಾರೆ.